ಬದಲಾಗುತ್ತಿರುವ ಹವೆ, ನಾಡಿನ ಸಂಪತ್ತು ಮತ್ತು ನಮ್ಮ ನಗರ
(ಶತಮಾನೋತ್ಸವ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಹವಾಮಾನದ ಬದಲಾವಣೆಗೂ ನಾಡಿನ ಸಮೃದ್ಧಿಗೂ ಇರುವ ಸಂಬಂಧವನ್ನು ಕುರಿತು ಮಾತನಾಡಬೇಕೆಂದು ಉತ್ಸವ ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಇದು ವಿಜ್ಞಾನಿಗಳಿಗೂ ಅರ್ಥಶಾಸ್ತ್ರಜ್ಞರಿಗೂ ಮೀಸಲಾದ ವಿಷಯವೆಂದು ತಾವು ಭಾವಿಸಬಹುದು. ಆದರೆ 2024ರ ಮಾರ್ಚ್ ತಿಂಗಳಿನಲ್ಲಿ ಈ ಬೆಂಗಳೂರಿನಲ್ಲಿ ಕೊಡ ಹಿಡಿದು ಟ್ಯಾಂಕರಿನ ದಾರಿ ಕಾದ ತಾಯಂದಿರಿಗೆ ಇದರ ಮೊದಲ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಕಲ್ಲಿದ್ದಲು, ಪೆಟ್ರೋಲಿಯಂಗಳನ್ನು ಉರಿಸಿ ನಾವು ಗಾಳಿಗೆ ಸೇರಿಸಿರುವ ಅನಿಲಗಳಿಂದ ಭೂಮಿ ಕಾಯುತ್ತಿದೆ. 2024ನೆಯ ಇಸವಿಯಲ್ಲಿ ಜಗತ್ತಿನ ಸರಾಸರಿ ಉಷ್ಣಾಂಶವು ಕೈಗಾರಿಕಾ ಯುಗಕ್ಕೆ ಮುಂಚಿನದಕ್ಕಿಂತ ಒಂದೂವರೆ ಡಿಗ್ರಿಯಷ್ಟು ಮೇಲೇರಿತ್ತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಆದ್ದರಿಂದಲೇ ಬಂದರೆ ಮಳೆ ಧಾರೆಯಾಗಿ ಸುರಿಯುತ್ತದೆ, ಬಾರದಿದ್ದರೆ ನೆಲವನ್ನು ಮತ್ತಷ್ಟು ಬೇಗ ಒಣಗಿಸುತ್ತದೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದುವು. ಮರುವರ್ಷ ಏಪ್ರಿಲ್ 28ರಂದು ಬೆಂಗಳೂರಿನ ಉಷ್ಣಾಂಶ 38.5 ಡಿಗ್ರಿ, ಅದಾಗಿ ಐದೇ ವಾರಕ್ಕೆ, ಜೂನ್ 2ರಂದು, ಒಂದೇ ದಿನ 111 ಮಿಲಿಮೀಟರ್ ಮಳೆ! ಜೂನ್ ತಿಂಗಳಲ್ಲಿ ಒಂದು ದಿನಕ್ಕೆ ಅಷ್ಟು ಮಳೆ 133 ವರ್ಷಗಳಲ್ಲಿ ಬಿದ್ದಿರಲಿಲ್ಲ.

ಆದರೆ ಎಲ್ಲವನ್ನೂ ಆಕಾಶದ ಮೇಲೆ ಹೊರಿಸುವುದು ನ್ಯಾಯವಲ್ಲ. ದೊಡ್ಡ ನದಿಯಿಲ್ಲದ ಈ ಊರಿಗೆ ಹಿರಿಯರು ಕೆರೆಗಳ ಸರಪಳಿಯನ್ನೇ ಕಟ್ಟಿದ್ದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ಧರ್ಮಾಂಬುಧಿ ಕೆರೆ ಇಂದು ಕೆಂಪೇಗೌಡ ಬಸ್ ನಿಲ್ದಾಣವಾಗಿದೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ನಿಂತಿದೆ. ನಾವು ಹೆಸರನ್ನು ಮರೆತೆವು, ನೀರು ದಾರಿಯನ್ನು ಮರೆಯಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರುಗಳ ಕಡೆ ಕೋಟಿ ಬೆಲೆಯ ಮನೆಗಳವರು ಟ್ರ್ಯಾಕ್ಟರುಗಳ ಮೇಲೆ ಕುಳಿತು ಹೊರಬಂದರು. ಅದಕ್ಕೂ ಮುನ್ನ ಆಗಸ್ಟ್ 30ರ ಮಳೆಯ ಒಂದೇ ದಿನದಲ್ಲಿ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಹೊರವರ್ತುಲ ರಸ್ತೆಯ ಕಂಪನಿಗಳ ಸಂಘವು ಸರ್ಕಾರಕ್ಕೆ ಬರೆಯಿತು. ಗುಡಿಸಲಿನೊಳಗೆ ನೀರು ನುಗ್ಗಿ ಕೆಲಸಕ್ಕೆ ಹೋಗಲಾಗದೆ ಉಳಿದವರ ಕೂಲಿಯ ಲೆಕ್ಕವನ್ನು ಬರೆಯಲು ಸಂಘವಿಲ್ಲ.

ನಾಡಿನ ಸಂಪತ್ತೆಂದರೆ ಕಡೆಗೆ ಮನುಷ್ಯರ ದುಡಿಮೆಯೇ ಅಲ್ಲವೆ? ಸೆಖೆ, ಬಿಸಿಲುಗಳಿಂದ ನಷ್ಟವಾಗುವ ದುಡಿಮೆಯ ಗಂಟೆಗಳ ದೆಸೆಯಿಂದ 2030ರ ವೇಳೆಗೆ ಭಾರತದ ರಾಷ್ಟ್ರೀಯ ಉತ್ಪನ್ನದಲ್ಲಿ ಶೇಕಡಾ 4.5ರವರೆಗೆ ಅಪಾಯಕ್ಕೆ ಸಿಲುಕಬಹುದೆಂದು ನಮ್ಮ ರಿಸರ್ವ್ ಬ್ಯಾಂಕೇ 2023ರಲ್ಲಿ ಎಚ್ಚರಿಸಿದೆ. ಈ ಗಂಟೆಗಳು ತಂಪು ಯಂತ್ರದ ಕೋಣೆಯಲ್ಲಿ ಕುಳಿತವರವಲ್ಲ. ಗಾರೆ ಕೆಲಸದವರವು, ಪೌರಕಾರ್ಮಿಕರವು, ತಳ್ಳುಗಾಡಿಯವರವು. ಇವರಲ್ಲಿ ಅನೇಕರು ಇದೇ ದೇವಾಲಯದ ಹಿಂದಿನ ಬೆಂಚುಗಳಲ್ಲಿ ಕುಳಿತಿದ್ದಾರೆ.

ಕಾವೇರಿ ಇದ್ದಾಳಲ್ಲ ಎಂದು ಕೆಲವರು ಹೇಳುತ್ತಾರೆ. ಆಕೆಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಮೇಲಕ್ಕೆ, ಹಗಲಿರುಳು ವಿದ್ಯುತ್ತು ಸುಟ್ಟು ಎತ್ತಿ ತರುತ್ತೇವೆ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಆರಂಭವಾಗಿ ದಿನಕ್ಕೆ 77.5 ಕೋಟಿ ಲೀಟರ್ ಸೇರ್ಪಡೆಯಾಯಿತು, ಸಂತೋಷವೇ. ಆದರೆ ಹಂತಗಳು ಐದಾದರೂ ಹೊಳೆ ಒಂದೇ. ಕೊಡಗಿನಲ್ಲಿ ಮಳೆ ತಪ್ಪಿದ ವರ್ಷ ಅದೇ ನೀರಿಗೆ ಮಂಡ್ಯದ ರೈತನೂ ತಮಿಳುನಾಡಿನ ರೈತನೂ ಕೈಯೊಡ್ಡುತ್ತಾರೆ.

2015ರಲ್ಲಿ ಪೋಪ್ ಫ್ರಾನ್ಸಿಸರು ತಮ್ಮ 'ಲೌದಾತೊ ಸಿ' ಪರಿಪತ್ರದಲ್ಲಿ ಹವಾಮಾನವನ್ನು ಎಲ್ಲರ ಸಮಾನ ಸ್ವತ್ತೆಂದು ಕರೆದರು. ಆ ಮಾತನ್ನು ನಮ್ಮ ಅಂಗಳಕ್ಕೆ ಅನ್ವಯಿಸಿ ನೋಡೋಣ. ಶತಮಾನೋತ್ಸವದ ನೆನಪಿಗಾಗಿ ದೇವಾಲಯದ ಸುತ್ತಲಿನ ಅರ್ಧ ಎಕರೆ ಮಣ್ಣಿಗೆ ಕಾಂಕ್ರೀಟು ಹಾಕಿಸಿ ವಾಹನಗಳಿಗೆ ಅನುಕೂಲ ಮಾಡಬೇಕೆಂಬ ಸಲಹೆ ಬಂದಿದೆ. ಮಳೆಗಾಲದ ಭಾನುವಾರಗಳಂದು ಕೆಸರಿನಲ್ಲಿ ವೃದ್ಧರು ಜಾರುವುದನ್ನು ನಾನೂ ಕಂಡಿದ್ದೇನೆ. ಸಲಹೆ ಕೊಟ್ಟವರ ಕಾಳಜಿ ದೊಡ್ಡದು. ಆದರೂ ನನ್ನ ಅಭಿಪ್ರಾಯ ಬೇರೆ. ಜೂನ್ 2ರಂತಹ ಮಳೆ ಅರ್ಧ ಎಕರೆಯ ಮೇಲೆ ಬಿದ್ದರೆ ಅದು ಎರಡು ಲಕ್ಷ ಲೀಟರಿಗೂ ಮಿಗಿಲು. ಇಂಗಲು ನೆಲ ಬಿಡದಿದ್ದರೆ ಆ ನೀರೆಲ್ಲ ಗೇಟು ದಾಟಿ ಹೋಗುವುದು ಕೆಳಗಿನ ಬೀದಿಯ ಚಿಕ್ಕ ಮನೆಗಳಿಗೆ. ಇನ್ನು ನಮ್ಮ ಮಾಳಿಗೆ: 500 ಚದರ ಮೀಟರಿನ ಈ ಚಾವಣಿಯ ಮೇಲೆ, ವರ್ಷಕ್ಕೆ 900 ಮಿಲಿಮೀಟರೆಂದರೂ, ನಾಲ್ಕೂವರೆ ಲಕ್ಷ ಲೀಟರ್ ಬೀಳುತ್ತದೆ. 12,000 ಲೀಟರಿನ ಟ್ಯಾಂಕರುಗಳು ಮೂವತ್ತೇಳು!

ಆದುದರಿಂದ ಬಾಗಿಲಿನಿಂದ ಗೇಟಿನವರೆಗೆ ನಡೆಯಲು ಕಲ್ಲುಹಾಸಿನ ಒಂದು ಹಾದಿ ಸಾಕು. ಉಳಿದ ಮಣ್ಣು ಮಣ್ಣಾಗಿಯೇ ಇರಲಿ, ಮರಗಳು ಉಳಿಯಲಿ. ಮುಚ್ಚಿಹಾಕಿರುವ ಹಳೆಯ ಬಾವಿಯ ಹೂಳೆತ್ತಿಸಿ, ಮಾಳಿಗೆಯ ನೀರನ್ನು ಸೋಸಿ ಅದಕ್ಕೆ ಇಳಿಸೋಣ. ಕಾಂಕ್ರೀಟಿನ ಅಂದಾಜುಪಟ್ಟಿಯನ್ನೂ ಬಾವಿಯ ಅಂದಾಜುಪಟ್ಟಿಯನ್ನೂ ಕಚೇರಿಯ ಫಲಕದ ಮೇಲೆ ಹಾಕಿಸಿದ್ದೇನೆ. ಮುಂದಿನ ಭಾನುವಾರ ಎರಡನೆಯ ಬಲಿಪೂಜೆಯ ನಂತರ ಸಭೆ ಸೇರುತ್ತದೆ. ಕೆಳಗಿನ ಬೀದಿಯವರನ್ನೂ ಕರೆದಿದ್ದೇನೆ. ಅವರಿಗೆ ಮುಂದಿನ ಸಾಲಿನಲ್ಲಿ ಸ್ಥಳ ಬಿಡಬೇಕಾಗಿ ಕೋರುತ್ತೇನೆ.