ನಮ್ಮವರು, ಎದುರಾಳಿಗಳು

ಕ್ರಿಕೆಟ್ ಪಂದ್ಯದ ವೀಕ್ಷಕ ವಿವರಣೆ ಬರುತ್ತಿರುವಾಗ ನಿಮ್ಮ ಮನೆಯ ಹಜಾರದಲ್ಲಿ ಕೇಳಿಬರುವ ಮಾತುಗಳನ್ನು ಸ್ವಲ್ಪ ಜ್ಞಾಪಿಸಿಕೊಳ್ಳಿ. ನಮ್ಮ ಆಟಗಾರ ಔಟೆಂದು ಅಂಪೈರು ಬೆರಳೆತ್ತಿದರೆ ಅವನಿಗೆ ಕಣ್ಣಿಲ್ಲ. ಅದೇ ಬೆರಳು ಎದುರು ಪಕ್ಷದವನ ಪಾಲಿಗೆ ಎದ್ದರೆ ಅವನು ಸಾಕ್ಷಾತ್ ಧರ್ಮರಾಯ. ನಮ್ಮವರು ಕಾಲಹರಣ ಮಾಡಿದರೆ ಜಾಣತನ, ಅವರು ಮಾಡಿದರೆ ಕುಯುಕ್ತಿ. ಇದಕ್ಕೆ ಒಪ್ಪುವ ಮಾತೊಂದು ನಮ್ಮಲ್ಲಿ ಉಂಟು: ಪಕ್ಷಪಾತ. ಪಕ್ಷವೆಂದರೆ ಒಂದು ಕಡೆ, ಪಾತವೆಂದರೆ ಬೀಳುವುದು. ಒಂದು ಕಡೆಗೆ ಬಿದ್ದ ಮನಸ್ಸಿಗೆ ಇನ್ನೊಂದು ಕಡೆ ಕಾಣುವುದಾದರೂ ಹೇಗೆ?

ಇದು ನಿನ್ನೆ ಮೊನ್ನೆ ಹುಟ್ಟಿದ ಗುಣವಲ್ಲ. ವ್ಯಾಸಭಾರತದ ಆದಿಪರ್ವದಲ್ಲಿ ರಾಜಕುಮಾರರ ಅಸ್ತ್ರವಿದ್ಯೆಯ ಪ್ರದರ್ಶನ ನಡೆಯುತ್ತದೆ. ಅರ್ಜುನನಿಗೆ ಇದಿರಾಗಿ ಕರ್ಣ ಬಂದು ನಿಂತೊಡನೆ ನೆರೆದ ಜನ ಇಬ್ಬಾಗವಾಯಿತು. ಅಲ್ಲಿಯವರೆಗೆ ಸರಿಯೆ. ಆಮೇಲೆ ನಡೆದುದೇನು? ಕರ್ಣನ ಬಿಲ್ವಿದ್ಯೆಯಲ್ಲಿ ಯಾರೂ ದೋಷ ತೋರಿಸಲಿಲ್ಲ; ಅವನ ಕುಲ ಯಾವುದೆಂಬ ಪ್ರಶ್ನೆ ಎದ್ದಿತು. ಸೂತಪುತ್ರನೆಂದು ತಿಳಿದೊಡನೆ ಭೀಮನು ಹಂಗಿಸಿದ, ನಿನ್ನ ಕುಲಕ್ಕೆ ಚಾವಟಿಯೇ ತಕ್ಕುದೆಂದ. ವಿದ್ಯೆಯ ಮಾತು ಹುಟ್ಟಿನ ಮಾತಾಯಿತು. ಇಂದು ಕ್ರೀಡಾಂಗಣದಲ್ಲಿಯೂ ಕೈಯೊಳಗಣ ಫೋನಿನಲ್ಲಿಯೂ ಎದುರು ತಂಡದವರ ಭಾಷೆ, ಬಣ್ಣ, ಮತಗಳನ್ನು ಎತ್ತಿ ಆಡುವವರು ತುಳಿಯುತ್ತಿರುವುದು ಆ ಹಳೆಯ ಹಾದಿಯನ್ನೇ.

ಅಭಿಮಾನವು ಕಣ್ಣನ್ನು ಹೇಗೆ ಆಳುತ್ತದೆಂಬುದನ್ನು ವಿದ್ವಾಂಸರು ಪರೀಕ್ಷಿಸಿಯೂ ನೋಡಿದ್ದಾರೆ. 1951ರ ನವೆಂಬರಿನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ವಿದ್ಯಾಸಂಸ್ಥೆಗಳಿಗೆ ಆ ದೇಶದ ರೀತಿಯ ಫುಟ್‌ಬಾಲ್ ಪಂದ್ಯ ನಡೆಯಿತು. ಒಬ್ಬನ ಮೂಗು ಮುರಿಯಿತು, ಇನ್ನೊಬ್ಬನ ಕಾಲು ಮುರಿಯಿತು. ಹೇಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಆ ಆಟದ ಚಲನಚಿತ್ರವನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನು ಗುರುತು ಹಾಕಿರೆಂದರು. ಡಾರ್ಟ್‌ಮತ್‌ನವರಿಗೆ ಎರಡು ತಂಡಗಳ ತಪ್ಪೂ ಹೆಚ್ಚುಕಡಿಮೆ ಸಮವಾಗಿ ಕಂಡಿತು. ಪ್ರಿನ್ಸ್‌ಟನ್ನಿನವರಿಗಾದರೋ ಎದುರಾಳಿಗಳ ತಪ್ಪು ತಮ್ಮವರದಕ್ಕಿಂತ ಎರಡು ಪಾಲಿಗೂ ಮಿಕ್ಕಿ ಕಂಡಿತು. ಚಿತ್ರ ಒಂದೇ, ನೋಟ ಎರಡು! ಅವರು ಸುಳ್ಳು ಹೇಳಿದರೆಂದಲ್ಲ. ಅವರಿಗೆ ಕಂಡದ್ದೇ ಹಾಗೆ. ಈ ಪ್ರಬಂಧ 1954ರಲ್ಲಿ ಅಚ್ಚಾಯಿತು.

ಇದಕ್ಕೆ ಕಾರಣವೇನು? ತಂಡದ ಗೆಲವನ್ನು ನಾವು ನಮ್ಮ ಗೆಲವೆಂದೇ ಎಣಿಸುತ್ತೇವೆ. ಗೆದ್ದ ದಿನ "ನಾವು ಗೆದ್ದೆವು" ಎನ್ನುವವರು ಸೋತ ದಿನ "ಅವರು ಸೋತರು" ಎನ್ನುವುದುಂಟು. ಹೀಗೆ ನಮ್ಮ ಮಾನವನ್ನು ಹನ್ನೊಂದು ಜನರ ಕೈಯಲ್ಲಿ ಕೊಟ್ಟಮೇಲೆ, ಅವರನ್ನು ಸೋಲಿಸಬಲ್ಲವನು ನಮ್ಮ ಮಾನವನ್ನೇ ಕಳೆಯಬಂದವನಂತೆ ತೋರುತ್ತಾನೆ.

ಇನ್ನೊಂದು ಸಂಗತಿಯನ್ನು ಗಮನಿಸಿ. ಹಗೆ ದೂರದವರಿಗಿಂತ ನೆರೆಯವರ ಮೇಲೆ ಬೇಗ ಕುದುರುತ್ತದೆ. ಕಲ್ಕತ್ತೆಯ ಮೋಹನ್ ಬಗಾನ್ ಸಂಘ ಹುಟ್ಟಿದ್ದು 1889ರಲ್ಲಿ, ಈಸ್ಟ್ ಬೆಂಗಾಲ್ ಸಂಘ 1920ರಲ್ಲಿ. ಪೂರ್ವ ಬಂಗಾಳದಿಂದ ಬಂದ ಕುಟುಂಬಗಳು ಎರಡನೆಯದನ್ನು ತಮ್ಮದೆಂದು ಅಪ್ಪಿಕೊಂಡವು. ಈಸ್ಟ್ ಬೆಂಗಾಲ್ ಗೆದ್ದರೆ ಮನೆಯಲ್ಲಿ ಹಿಲ್ಸಾ ಮೀನು, ಮೋಹನ್ ಬಗಾನ್ ಗೆದ್ದರೆ ಸೀಗಡಿ ಎಂಬುದು ಅಲ್ಲಿನ ರೂಢಿ. ಇಷ್ಟಾದರೆ ಅದು ಹಬ್ಬವೇ ಸರಿ. ಆದರೆ 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಈ ಎರಡು ತಂಡಗಳ ಪಂದ್ಯದ ಹೊತ್ತಿಗೆ ಪ್ರೇಕ್ಷಕರ ನಡುವೆ ಗಲಭೆ ಎದ್ದು 16 ಮಂದಿ ಸತ್ತರು. ಒಂದೇ ಮಾತನ್ನಾಡುವ, ಒಂದೇ ಊರಿನ ಜನ! ಮೀನಿನ ಅಡುಗೆ ಮಾಡಿ ಕಾದಿದ್ದ ಮನೆಗೆ ಮಗ ಹಿಂದಿರುಗದಿದ್ದರೆ ಯಾವ ಗೆಲವು ಆ ತಾಯಿಗೆ ಸಮಾಧಾನ ಹೇಳೀತು?

ಹಾಗಾದರೆ ಅಭಿಮಾನವನ್ನೇ ಬಿಟ್ಟುಬಿಡಬೇಕೆ? ಬೇಕಿಲ್ಲ. ಅದಿಲ್ಲದ ಆಟ ಉಪ್ಪಿಲ್ಲದ ಊಟ. ಅಭಿಮಾನದ ಬೇಲಿಯನ್ನು ಸ್ವಲ್ಪ ಆಚೆಗೆ ಸರಿಸಿದರೆ ಸಾಕು. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ತೋರಿಸಿಕೊಟ್ಟಿತು. ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಅಭಿಮಾನಿಗಳಿಗೆ ಮೊದಲು ತಮ್ಮ ತಂಡದ ವಿಷಯವಾಗಿ ಪ್ರಶ್ನೆಗಳನ್ನು ಕೇಳಿದರು. ಬಳಿಕ ಅವರ ಕಣ್ಣೆದುರಿಗೆ ಒಬ್ಬನು ಓಡುತ್ತ ಜಾರಿಬಿದ್ದು ನರಳಿದ. ಅವನು ತಮ್ಮ ತಂಡದ ಅಂಗಿ ತೊಟ್ಟಿದ್ದರೆ ಬಹುಮಂದಿ ನೆರವಿಗೆ ಹೋದರು. ಲಿವರ್‌ಪೂಲ್ ಅಂಗಿಯಾದರೆ ಹೋದವರು ಕೆಲವರೇ. ಇನ್ನೊಮ್ಮೆ, ಫುಟ್‌ಬಾಲ್ ಪ್ರಿಯರಾಗಿರುವುದರ ಸೊಗಸೇನೆಂದು ಮೊದಲೇ ಕೇಳಿದ್ದರು. ಆಗ ಲಿವರ್‌ಪೂಲಿನವನಿಗೂ ಕೈನೀಡಿದರು. ಬಿದ್ದವನು ಅವನೇ, ನೋಡುವವರ ಮನಸ್ಸಿನಲ್ಲಿ "ನಮ್ಮವರು" ಎಂಬ ಮಾತಿನ ಹರವು ಹಿರಿದಾಗಿತ್ತು, ಅಷ್ಟೆ.

ನಮ್ಮ ನಾಡಿನಲ್ಲಿಯೂ ಅಂತಹ ಮೇಲ್ಪಂಕ್ತಿ ಇಲ್ಲದಿಲ್ಲ. 1999ರ ಜನವರಿ 31ರಂದು ಚೆನ್ನೈಯಲ್ಲಿ ಭಾರತ 12 ಓಟಗಳಿಂದ ಪಾಕಿಸ್ತಾನಕ್ಕೆ ಸೋತಿತು. ಎದೆ ಒಡೆಯುವ ಸೋಲು. ಆದರೂ ಪ್ರೇಕ್ಷಕರು ಎದ್ದುನಿಂತು, ಮೈದಾನ ಸುತ್ತಿದ ಪಾಕಿಸ್ತಾನದ ಆಟಗಾರರಿಗೆ ಚಪ್ಪಾಳೆ ತಟ್ಟಿದರು. ಇನ್ನು ನಮ್ಮವರೇ ಆದ ಭದ್ರಾವತಿಯ ಜಿ. ಆರ್. ವಿಶ್ವನಾಥ್. 1980ರ ಫೆಬ್ರವರಿಯಲ್ಲಿ ಮುಂಬಯಿಯ ಟೆಸ್ಟಿನಲ್ಲಿ ಅವರು ಭಾರತದ ನಾಯಕರು. ಇಂಗ್ಲೆಂಡಿನ ಬಾಬ್ ಟೇಲರ್ ಔಟೆಂದು ಅಂಪೈರು ತೀರ್ಪಿತ್ತರೂ, ಚೆಂಡು ಬ್ಯಾಟಿಗೆ ತಾಗಲಿಲ್ಲವೆಂದು ಬಗೆದು ವಿಶ್ವನಾಥರು ಅವರನ್ನು ಮರಳಿ ಕರೆಸಿದರು. ಪಂದ್ಯ ಕೈತಪ್ಪಿತು. ಆ ಸೋಲಿನ ಲೆಕ್ಕ ಇಂದು ಎಷ್ಟು ಜನರಿಗೆ ನೆನಪಿದೆ? ಮರಳಿ ಕರೆಸಿದುದನ್ನು ಮಾತ್ರ ಇಂದಿಗೂ ಹೇಳಿಕೊಳ್ಳುತ್ತೇವೆ.

ಎದುರಾಳಿ ಎಂಬ ಶಬ್ದವನ್ನು ಬಿಡಿಸಿ ನೋಡಿ: ಎದುರಿಗೆ ನಿಂತ ಆಳು. ಅದರಲ್ಲಿ ಹಗೆಯ ಸುಳಿವಿಲ್ಲ. ಅವನು ಎದುರಿಗೆ ನಿಲ್ಲದಿದ್ದರೆ ನಮ್ಮವನ ಬಲ ತಿಳಿಯುವ ಬಗೆಯೇ ಇಲ್ಲ. ಆದುದರಿಂದ ಮುಂದಿನ ಪಂದ್ಯದ ದಿನ ಮನೆಯಲ್ಲಿ ಒಂದು ಸಣ್ಣ ನಿಯಮ ಮಾಡಿ. ಆಟ ಮುಗಿದ ಮೇಲೆ ಎದುರು ತಂಡದವನೊಬ್ಬನ ಒಳ್ಳೆಯ ಆಟವನ್ನು ಪ್ರತಿಯೊಬ್ಬರೂ ಹೆಸರಿಸಬೇಕು, ಹಿರಿಯರು ಮೊದಲು. ಮಕ್ಕಳು ನಾವು ಹೇಳಿಕೊಟ್ಟುದಕ್ಕಿಂತ ನಾವು ಆಡಿದ್ದನ್ನೇ ಬೇಗ ಕಲಿಯುತ್ತಾರೆ.