ಹತ್ತೊಂಬತ್ತು ದಿನಗಳ ನೌಕರಿ

(ಸಂಸ್ಥೆಯ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಉದ್ಯೋಗ ಮಾರ್ಗದರ್ಶನದ ಬಗ್ಗೆ ಮಾತನಾಡಿ ಎಂದು ಕಾರ್ಯದರ್ಶಿಯವರು ಫೋನಿನಲ್ಲಿ ಹೇಳಿದರು. ಆ ವಿಷಯ ಸಮುದ್ರದಷ್ಟು ದೊಡ್ಡದು. ಅರ್ಧ ಗಂಟೆಯಲ್ಲಿ ಅದನ್ನು ಈಜುವ ಶಕ್ತಿ ನನಗಿಲ್ಲ. ಆದುದರಿಂದ ಒಂದೇ ಒಂದು ಸಣ್ಣ ಪ್ರಶ್ನೆಯನ್ನು ಆರಿಸಿಕೊಂಡಿದ್ದೇನೆ. ಒಂದು ಕಡೆ ಕೆಲಸಕ್ಕೆ ಸೇರಿ, ಕೆಲವೇ ದಿನಗಳಲ್ಲಿ ಬಿಟ್ಟು ಬಂದಿದ್ದೀರಿ. ಮುಂದಿನ ಸಂದರ್ಶನದಲ್ಲಿ "ಅಲ್ಲಿ ಯಾಕೆ ಬಿಟ್ಟಿರಿ?" ಎಂದು ಕೇಳುತ್ತಾರೆ. ಏನು ಹೇಳುತ್ತೀರಿ?

ನಗಬೇಡಿ. ಇಪ್ಪತ್ತಕ್ಕೂ ಹೆಚ್ಚು ವರ್ಷ ಸಿಬ್ಬಂದಿ ವಿಭಾಗದಲ್ಲಿ ದುಡಿದವನು ನಾನು. ಮೇಜಿನ ಆ ಬದಿಯಲ್ಲಿ ಕುಳಿತು ಈ ಪ್ರಶ್ನೆಯನ್ನು ಎಷ್ಟೋ ಜನರಿಗೆ ಕೇಳಿದ್ದೇನೆ. ಚೆನ್ನಾಗಿ ಓದಿದ, ಒಳ್ಳೆಯ ಅಂಕ ಪಡೆದ ಹುಡುಗರು ಇಲ್ಲಿಗೆ ಬಂದಾಗ ತಲೆ ತಗ್ಗಿಸುವುದನ್ನು ನೋಡಿದ್ದೇನೆ. ಆದರೆ ಮೊದಲು ಮೇಜಿನ ಈ ಬದಿಯಲ್ಲಿ ನಾನೇ ಕುಳಿತಿದ್ದ ಕಥೆಯನ್ನು ಹೇಳಬೇಕು.

1994ರಲ್ಲಿ ನನ್ನ ಬಿ.ಕಾಂ. ಮುಗಿದಿತ್ತು. ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕಪತ್ರ ಸಹಾಯಕನ ಕೆಲಸ ಸಿಕ್ಕಿತು. ಉಮ್ಮ ಹೊಸ ಷರಟು ಹೊಲಿಸಿ ಕೊಟ್ಟು ಕಳುಹಿಸಿದರು. ಅಲ್ಲಿ ಹೋಗಿ ನೋಡಿದರೆ ಲೆಕ್ಕಪತ್ರವೂ ಇಲ್ಲ, ಮೇಜೂ ಇಲ್ಲ. ಸಾಲ ಮಾಡಿ ವಾಹನ ಕೊಂಡವರು ಕಂತು ತಪ್ಪಿಸಿದರೆ ಬೆಳಿಗ್ಗೆ ಆರು ಗಂಟೆಗೆ ಅವರ ಮನೆಬಾಗಿಲಿಗೆ ಹೋಗಿ ನಿಲ್ಲಬೇಕು. ಜೊತೆಗೆ ಇಬ್ಬರು ದಾಂಡಿಗರು. ರಸೀದಿ ಬರೆಯುವುದು ನನ್ನ ಕೆಲಸ, ಉಳಿದದ್ದು ಅವರ ಕೆಲಸ. ಒಬ್ಬ ಆಟೋ ಚಾಲಕನ ಮನೆಯಲ್ಲಿ ನಡೆದುದನ್ನು ಈ ವೇದಿಕೆಯಲ್ಲಿ ವಿವರಿಸಲಾರೆ. ಹತ್ತೊಂಬತ್ತನೆಯ ದಿನ ಚೀಲ ಕಟ್ಟಿಕೊಂಡು ರಾತ್ರಿ ಬಸ್ಸಿಗೆ ಊರಿಗೆ ಬಂದೆ. ಯಾರಿಗೂ ಹೇಳಲಿಲ್ಲ, ರಾಜೀನಾಮೆಯನ್ನೂ ಬರೆಯಲಿಲ್ಲ. ಅದು ನನ್ನ ಮೊದಲ ತಪ್ಪು.

ಮೂರು ತಿಂಗಳ ನಂತರ ಮಂಗಳೂರಿನಲ್ಲಿ ಒಂದು ಸಂದರ್ಶನ. ಪದವಿ ಮುಗಿದ ಮೇಲೆ ಇಷ್ಟು ದಿನ ಏನು ಮಾಡಿದಿರಿ ಎಂದು ಅಧಿಕಾರಿ ಕೇಳಿದರು. ಹತ್ತೊಂಬತ್ತು ದಿನಕ್ಕೆ ಓಡಿಬಂದವನೆಂದು ಹೇಳಿದರೆ ಯಾರು ಕೆಲಸ ಕೊಡುತ್ತಾರೆ ಎಂಬ ಹೆದರಿಕೆ ನನಗೆ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ತಂದೆಗೆ ಹುಷಾರಿರಲಿಲ್ಲ ಸರ್, ಮನೆಯಲ್ಲೇ ಇದ್ದೆ." ಅವರು ಮೃದುವಾದರು. ತಂದೆಯನ್ನು ನೋಡಿಕೊಂಡ ಮಗ ಎಂದು ಮೆಚ್ಚಿಕೊಂಡರು.

ಆಗ ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಬಯೋಡೇಟಾದಲ್ಲಿ ಎದುರಿನ ಹೋಟೆಲಿನ ಪಿ.ಪಿ. ನಂಬರ್ ಬರೆದಿದ್ದೆ. ಒಂದು ವಾರ ಕಳೆದು ಆ ಅಧಿಕಾರಿಯೇ ಫೋನ್ ಮಾಡಿದರು. ನಾನು ಮನೆಯಲ್ಲಿರಲಿಲ್ಲ. ಪಕ್ಕದಲ್ಲೇ ಜಿನಸಿ ಅಂಗಡಿ ಇಟ್ಟಿದ್ದ ನನ್ನ ತಂದೆಯನ್ನು ಕರೆದರು. ಮಗನನ್ನು ಸೋಮವಾರ ಕೆಲಸಕ್ಕೆ ಕಳುಹಿಸಿ ಎಂದು ಹೇಳಿ, ಸಜ್ಜನರಾದ ಆ ಅಧಿಕಾರಿ "ನಿಮ್ಮ ಆರೋಗ್ಯ ಈಗ ಹೇಗಿದೆ?" ಎಂದು ವಿಚಾರಿಸಿದರಂತೆ.

ತಂದೆಗೆ ಒಂದು ಜ್ವರವೂ ಬಂದಿರಲಿಲ್ಲ. ಅವರು ಒಂದು ಕ್ಷಣ ಸುಮ್ಮನಿದ್ದು "ಈಗ ಪರವಾಗಿಲ್ಲ" ಎಂದರು.

ರಾತ್ರಿ ಊಟಕ್ಕೆ ಕುಳಿತಾಗ ಬೈಯಲಿಲ್ಲ. "ಮೂವತ್ತು ವರ್ಷದಿಂದ ತಕ್ಕಡಿ ಹಿಡಿದಿದ್ದೇನೆ. ಇವತ್ತು ನಿನಗಾಗಿ ಸುಳ್ಳು ಹೇಳಿದೆ" ಎಂದಷ್ಟೇ ಹೇಳಿ ಕೈತೊಳೆಯಲು ಎದ್ದರು.

ಸೋಮವಾರ ಹೋದೆ. ಅಧಿಕಾರಿಯ ಎದುರು ನಿಂತು ನಡೆದುದೆಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕುಳಿತರು. "ಅಲ್ಲಪ್ಪಾ, ನೀನು ಬಿಟ್ಟ ಕಾರಣ ಒಳ್ಳೆಯದಿತ್ತು. ಅದನ್ನು ಹೇಳಿದ್ದರೆ ನಾನು ಒಪ್ಪುತ್ತಿದ್ದೆ. ಒಳ್ಳೆಯ ಕಾರಣವನ್ನು ಮುಚ್ಚಿಟ್ಟು ಕೆಟ್ಟ ಸುಳ್ಳನ್ನು ಯಾಕೆ ಹೇಳಿದೆ?" ನನ್ನಲ್ಲಿ ಉತ್ತರವಿರಲಿಲ್ಲ. ಆ ಕೆಲಸ ನನಗೆ ಸಿಗಲಿಲ್ಲ. ಸತ್ಯ ಹೇಳಿದ್ದಕ್ಕೆ ಬೆನ್ನು ತಟ್ಟಿ ಕುರ್ಚಿ ಕೊಟ್ಟರು ಎಂದು ಹೇಳಿದರೆ ನಿಮಗೆ ಸಂತೋಷವಾಗುತ್ತಿತ್ತು, ಆದರೆ ಹಾಗಾಗಲಿಲ್ಲ. ಮುಂದೆ ಎಂಟು ತಿಂಗಳು ತಂದೆಯ ಅಂಗಡಿಯಲ್ಲೇ ಅಕ್ಕಿ ತೂಗಿದೆ. ಆಮೇಲಿನ ಸಂದರ್ಶನದಲ್ಲಿ ಅದೇ ಪ್ರಶ್ನೆ ಬಂತು. ಲೆಕ್ಕಪತ್ರದ ಕೆಲಸವೆಂದು ಸೇರಿದ್ದೆ, ಸಾಲ ವಸೂಲಿಗೆ ಕಳುಹಿಸಿದರು, ಆ ಕೆಲಸ ನನ್ನಿಂದಾಗದೆಂದು ಹತ್ತೊಂಬತ್ತು ದಿನಕ್ಕೆ ಬಿಟ್ಟೆ, ತಿಳಿಸದೆ ಬಂದದ್ದು ತಪ್ಪಾಯಿತು ಎಂದೆ. ಕೇಳಿದವರು ಏನೋ ಗುರುತು ಹಾಕಿಕೊಂಡು ಮುಂದಿನ ಪ್ರಶ್ನೆಗೆ ಹೋದರು. ಅಷ್ಟೇ. ನಾನು ಅಷ್ಟೊಂದು ಹೆದರಿದ್ದ ಸಂಗತಿ ಅರ್ಧ ನಿಮಿಷದಲ್ಲಿ ಮುಗಿದಿತ್ತು.

ಈಗ ಮೇಜಿನ ಆ ಬದಿಗೆ ಬರೋಣ. ಈ ಪ್ರಶ್ನೆ ಕೇಳುವವನ ಮನಸ್ಸಿನಲ್ಲಿ ಏನಿರುತ್ತದೆ? ನಿಮ್ಮನ್ನು ಅವಮಾನಿಸುವ ಉದ್ದೇಶ ಅವನಿಗಿಲ್ಲ. ಜಾಹೀರಾತು ಕೊಟ್ಟು, ನೂರು ಅರ್ಜಿ ಓದಿ, ಒಬ್ಬನನ್ನು ಆರಿಸಿ, ಎರಡು ತಿಂಗಳು ಕೆಲಸ ಕಲಿಸಿದ ಮೇಲೆ ಆತ ಹೋಗಿಬಿಟ್ಟರೆ ಮೇಲಧಿಕಾರಿಯ ಮುಂದೆ ನಿಲ್ಲಬೇಕಾದವನು ಅವನೇ. "ಇವನು ನಮ್ಮಲ್ಲಿಯೂ ಹೀಗೆಯೇ ಮಾಡುತ್ತಾನೆಯೇ?" ಎಂಬ ಒಂದೇ ಭಯ ಅವನದು. ನಿಮ್ಮ ಉತ್ತರ ಆ ಭಯಕ್ಕೆ ಮದ್ದಾಗಬೇಕು. ಹಳೆಯ ಮಾಲೀಕನ ದೋಷಗಳ ಪಟ್ಟಿ ಮದ್ದಾಗುವುದಿಲ್ಲ. ನೀವು ಅವರನ್ನು ಬೈದಷ್ಟೂ, ನಾಳೆ ನಮ್ಮನ್ನೂ ಹೀಗೆಯೇ ಬೈಯುತ್ತಾನೆ ಎಂದು ಅವನು ಲೆಕ್ಕ ಹಾಕುತ್ತಾನೆ.

ಕಳೆದ ವರ್ಷ ನಮ್ಮ ಪರಿಚಯದ ಒಬ್ಬ ಹುಡುಗಿ ಇದೇ ಸಮಸ್ಯೆ ತಂದಳು. ಹಗಲು ಪಾಳಿಯೆಂದು ಹೇಳಿ ಸೇರಿಸಿಕೊಂಡ ಕಂಪನಿ ಎರಡನೇ ವಾರದಿಂದ ರಾತ್ರಿ ಪಾಳಿ ಹಾಕಿತು, ವಾಹನದ ವ್ಯವಸ್ಥೆಯಿಲ್ಲ. ಐದು ವಾರಕ್ಕೆ ಬಿಟ್ಟಳು. "ಮಾಮಾ, ಬಯೋಡೇಟಾದಲ್ಲಿ ಬರೆಯದಿದ್ದರೆ ಆಗುವುದಿಲ್ಲವಾ?" ಎಂದು ಕೇಳಿದಳು. ಬಯೋಡೇಟಾ ನಾವು ಆರಿಸಿ ಬರೆಯುವ ಪತ್ರ, ಐದು ವಾರದ ಕೆಲಸವನ್ನು ಅಲ್ಲಿ ಬಿಟ್ಟರೆ ದೊಡ್ಡ ಅಪರಾಧವೇನಲ್ಲ. ಆದರೆ ಕಂಪನಿ ಕೊಡುವ ಅರ್ಜಿ ನಮೂನೆಯ ಮಾತೇ ಬೇರೆ. ಅದರಲ್ಲಿ "ಹಿಂದಿನ ಎಲ್ಲ ಉದ್ಯೋಗಗಳ ವಿವರ" ಎಂದು ಕೇಳಿ, ಕೊನೆಗೆ ಮೇಲಿನದೆಲ್ಲ ಸತ್ಯ ಎಂದು ಸಹಿ ಪಡೆಯುತ್ತಾರೆ. ಅಲ್ಲಿ ಬಿಟ್ಟರೆ ಅದು ಸುಳ್ಳು ಹೇಳಿಕೆಯೇ ಆಗುತ್ತದೆ, ಕೆಲಸ ಸಿಕ್ಕಿದ ಮೇಲೂ ತೆಗೆದುಹಾಕಲು ಅದೊಂದು ಸಾಕು.

ಮತ್ತೊಂದು ಸಂಗತಿ. ನನ್ನ ಕಾಲದಲ್ಲಿ ಹತ್ತೊಂಬತ್ತು ದಿನವನ್ನು ಅಡಗಿಸಬಹುದಿತ್ತು. ಈಗ ಅದು ಕಷ್ಟ. 2014ರಿಂದ ಭವಿಷ್ಯ ನಿಧಿಯ ಸದಸ್ಯರಿಗೆ ಯು.ಎ.ಎನ್. ಎಂಬ ಒಂದೇ ಸಂಖ್ಯೆ ಇದೆ. ಎಷ್ಟು ಕಂಪನಿ ಬದಲಿಸಿದರೂ ಸಂಖ್ಯೆ ಬದಲಾಗುವುದಿಲ್ಲ. ಯಾವ ಸಂಸ್ಥೆ ಯಾವ ತಿಂಗಳು ಹಣ ಕಟ್ಟಿತು ಎಂಬುದು ಅದರಲ್ಲಿ ಸಾಲಾಗಿ ಕಾಣುತ್ತದೆ. ಹೊಸ ಕಂಪನಿ ಕೇಳುವುದೇ ಆ ಸಂಖ್ಯೆಯನ್ನು. ಬಿಟ್ಟು ಬಂದ ಕಂಪನಿಯವರು ನಿರ್ಗಮನದ ದಿನಾಂಕವನ್ನು ದಾಖಲಿಸದಿದ್ದರೆ ಇನ್ನೂ ತೊಂದರೆ, ಏಕಕಾಲದಲ್ಲಿ ಎರಡು ಕಡೆ ಕೆಲಸ ಮಾಡುತ್ತಿರುವಂತೆ ಕಾಣುತ್ತದೆ. ಕೊನೆಯ ಕಂತು ಕಟ್ಟಿ ಎರಡು ತಿಂಗಳು ಕಳೆದ ಮೇಲೆ ಸದಸ್ಯನೇ ಆ ದಿನಾಂಕವನ್ನು ನಮೂದಿಸುವ ಅವಕಾಶ 2020ರಿಂದ ಇದೆ. ನಮ್ಮ ಹುಡುಗರಲ್ಲಿ ಅನೇಕರಿಗೆ ಇದು ತಿಳಿದಿಲ್ಲ.

ಆ ಹುಡುಗಿಗೆ ನಾವಿಬ್ಬರೂ ಕುಳಿತು ಉತ್ತರ ತಯಾರಿಸಿದೆವು. "ಹಗಲು ಪಾಳಿಯ ಕೆಲಸವೆಂದು ಸೇರಿದ್ದೆ. ಎರಡನೇ ವಾರದಿಂದ ರಾತ್ರಿ ಪಾಳಿಯಾಯಿತು, ಮನೆಗೆ ಮರಳಲು ವಾಹನವಿರಲಿಲ್ಲ. ಲಿಖಿತವಾಗಿ ತಿಳಿಸಿ ಬಿಟ್ಟೆ. ನಿಮ್ಮ ಕಚೇರಿಯ ವೇಳೆಯನ್ನು ಮೊದಲೇ ವಿಚಾರಿಸಿಕೊಂಡು ಬಂದಿದ್ದೇನೆ." ಇಷ್ಟೇ. ಇಷ್ಟು ಹೇಳಿ ಸುಮ್ಮನಾಗಬೇಕು. ಈ ಸುಮ್ಮನಾಗುವುದು ಬಹಳ ಕಷ್ಟದ ಕೆಲಸ! ಎದುರಿನವರು ಒಂದು ಕ್ಷಣ ಮೌನವಾದರೆ ನಾವು ಹೆದರಿ ಮತ್ತೆ ಹತ್ತು ಮಾತು ಸೇರಿಸುತ್ತೇವೆ, ಕೆಡುವುದು ಅಲ್ಲಿಯೇ. ಆಕೆಯಿಂದ ಮೂರು ಸಲ ಹೇಳಿಸಿದೆ. ಮೂರನೇ ಸಲ ಧ್ವನಿ ನಡುಗಲಿಲ್ಲ.

ಕಾರಣ ಅಷ್ಟು ಚೆಂದದ್ದಲ್ಲದಿದ್ದರೆ? ಎರಡು ಸಾವಿರ ರೂಪಾಯಿ ಹೆಚ್ಚು ಸಿಗುತ್ತದೆಂದು ಬಿಟ್ಟಿರಬಹುದು. ಕೆಲಸ ಬರಲಿಲ್ಲವೆಂದು ಅವರೇ ತೆಗೆದಿರಬಹುದು. ಅದನ್ನೂ ಹೇಳಿ. "ಆ ತಂತ್ರಾಂಶ ನನಗೆ ಬರುತ್ತಿರಲಿಲ್ಲ, ಪ್ರೊಬೇಷನ್‌ನಲ್ಲೇ ಕಳುಹಿಸಿದರು, ಆಮೇಲೆ ಕೋರ್ಸ್ ಮಾಡಿದೆ" ಎಂದು ಹೇಳಿದವನನ್ನು ನಾನು ಕೆಲಸಕ್ಕೆ ತೆಗೆದುಕೊಂಡಿದ್ದೇನೆ. ಆದರೆ ಎರಡು ವರ್ಷದಲ್ಲಿ ನಾಲ್ಕು ಕಡೆ ಬಿಟ್ಟವನಿಗೆ ಹೇಳಿಕೊಡಲು ನನ್ನಲ್ಲಿ ಯಾವ ವಾಕ್ಯವೂ ಇಲ್ಲ. ಒಂದಾದರೆ ಘಟನೆ, ನಾಲ್ಕಾದರೆ ಸ್ವಭಾವ ಎಂದೇ ಅವರು ತಿಳಿಯುತ್ತಾರೆ.

ಗಲ್ಫಿಗೆ ಹೋಗುವವರು ಇಲ್ಲಿ ಬಹಳ ಮಂದಿ ಇದ್ದೀರಿ, ಆದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಯು.ಎ.ಇ.ಯ ಕಾರ್ಮಿಕ ಕಾನೂನಿನ ಪ್ರಕಾರ ಪ್ರೊಬೇಷನ್ ಆರು ತಿಂಗಳಿಗಿಂತ ಹೆಚ್ಚಿರುವಂತಿಲ್ಲ. ಆ ಅವಧಿಯಲ್ಲಿ ಬಿಟ್ಟು ಊರಿಗೆ ಬರುವುದಾದರೆ 14 ದಿನ ಮುಂಚೆ, ಅಲ್ಲಿಯೇ ಬೇರೆ ಕಂಪನಿಗೆ ಸೇರುವುದಾದರೆ ಒಂದು ತಿಂಗಳು ಮುಂಚೆ ಲಿಖಿತ ನೋಟಿಸು ಕೊಡಬೇಕು. ಹೇಳದೆ ವಿಮಾನ ಹತ್ತಿದವನಿಗೆ ಒಂದು ವರ್ಷ ಅಲ್ಲಿ ಕೆಲಸದ ಪರವಾನಗಿ ಸಿಗದೆ ಹೋಗಬಹುದು. ನನ್ನ ಹಾಗೆ ರಾತ್ರಿ ಬಸ್ಸು ಹತ್ತುವ ಕಾಲ ಮುಗಿಯಿತು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಹೆಚ್ಚಿನ ಕೆಲಸ ಯಾರಾದರೊಬ್ಬ ಮಾಮನ, ಭಾವನ, ಊರಿನ ಹಾಜಿಯವರ ಶಿಫಾರಸಿನಿಂದ ಸಿಕ್ಕಿರುತ್ತದೆ. ನಾವು ಬಿಟ್ಟರೆ ಅವರ ಮಾತು ಹೋಗುತ್ತದೆ. ಈ ಸಂಕೋಚದಿಂದಲೇ ಕೆಲವರು ಸಹಿಸಲಾಗದ್ದನ್ನು ಸಹಿಸುತ್ತಾರೆ, ಕೆಲವರು ಫೋನ್ ಆಫ್ ಮಾಡಿ ಮಾಯವಾಗುತ್ತಾರೆ. ಎರಡೂ ಬೇಡ. ಬಿಡುವ ಮುನ್ನ ಮೊದಲು ಅವರ ಮನೆಗೆ ಹೋಗಿ ಹೇಳಿ. ಅರ್ಧ ಗಂಟೆ ಬೈಸಿಕೊಂಡರೂ ಸರಿ. ಮುಂದಿನ ಕಂಪನಿಯವರು ವಿಚಾರಿಸುವುದು ಬಹುಶಃ ಅವರನ್ನೇ.

ಕಾಗದಪತ್ರಗಳನ್ನು ಮರೆಯಬೇಡಿ. ಸೇರುವಾಗ ನೇಮಕಾತಿ ಪತ್ರ, ಬಿಡುವಾಗ ರಾಜೀನಾಮೆಯ ಪ್ರತಿ ಮತ್ತು ರಿಲೀವಿಂಗ್ ಲೆಟರ್. ಮೂರು ವಾರದ ಕೆಲಸವಾದರೂ ಕೇಳಿ ಪಡೆಯಿರಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಂತೆ, ನೀವೇ ಬಿಟ್ಟರೂ ಅವರೇ ತೆಗೆದರೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ನನ್ನ ಹತ್ತೊಂಬತ್ತು ದಿನದ ಸಂಬಳ ಬೆಂಗಳೂರಿನಲ್ಲೇ ಉಳಿಯಿತು. ಕೇಳಲು ಮುಖವಿರಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಚಹಾದ ನಂತರ ಪಕ್ಕದ ಗ್ರಂಥಾಲಯದ ಕೋಣೆಯಲ್ಲಿ ಕುಳಿತಿರುತ್ತೇನೆ. ಬಯೋಡೇಟಾ ತಂದವರು ಬನ್ನಿ. ಎಲ್ಲರೆದುರು ಹೇಳಲು ಸಂಕೋಚವಿರುವ ಹತ್ತೊಂಬತ್ತು ದಿನಗಳು ಯಾರಲ್ಲಾದರೂ ಇದ್ದರೆ, ಬಾಗಿಲು ಮುಚ್ಚಿ ಕೇಳುತ್ತೇನೆ.