ಓಬವ್ವನ ಹಾಡು ಮುಗಿದ ಮೇಲೆ



ನನಗೆ ಭಾಷಣ ಬರುವುದಿಲ್ಲ. ನಾನು ಪ್ರೆಸ್ ಇಟ್ಟುಕೊಂಡವನು. ಪ್ರತಿ ರಾಜ್ಯೋತ್ಸವಕ್ಕೆ ಸಂಘದ ಹುಡುಗರು ಬಂದು ಪೋಸ್ಟರಿಗೆ ಒನಕೆ ಓಬವ್ವನ ಚಿತ್ರ ಹಾಕಿ ಅನ್ನುತ್ತಾರೆ. ಅವರು ತರುವುದು ಯಾವ ಚಿತ್ರ ಗೊತ್ತೇ? 'ನಾಗರಹಾವು' ಸಿನಿಮಾದ ಜಯಂತಿಯವರದು! ತಪ್ಪೆನ್ನಲಾರೆ. 1972ರಲ್ಲಿ ಪುಟ್ಟಣ್ಣ ಕಣಗಾಲರು ಒಂದೇ ಹಾಡಿನಲ್ಲಿ ಕಟ್ಟಿಕೊಟ್ಟ ಓಬವ್ವನೇ ನಮ್ಮೆಲ್ಲರ ಕಣ್ಣಲ್ಲಿ ನಿಂತಿದ್ದಾಳೆ. ಆ ಹಾಡು ಬಂದರೆ ನನಗೂ ಮೈ ಜುಮ್ಮೆನ್ನುತ್ತದೆ.

ಆದರೆ ಹಾಡು ಮುಗಿಯುತ್ತದೆ, ನಾವು ಚಪ್ಪಾಳೆ ತಟ್ಟಿ ಎದ್ದು ಬರುತ್ತೇವೆ. ಕಳೆದ ಸಲ ಆ ಹುಡುಗರನ್ನೇ ಕೇಳಿದೆ, ಚಿತ್ರದುರ್ಗ ಬಿದ್ದದ್ದು ಯಾವಾಗ ಅಂತ. "ದುರ್ಗ ಬಿತ್ತಾ ಸಾರ್?" ಅಂದರು.

ಬಿತ್ತು ಸ್ವಾಮಿ. ಹೈದರಾಲಿ ಒಂದು ಸಲ ಬಂದು ಸೋತು ಹೋದವನಲ್ಲ. ಮತ್ತೆ ಮತ್ತೆ ಮುತ್ತಿದ. 1779ರಲ್ಲಿ ಕೋಟೆ ಅವನ ವಶವಾಯಿತು.

ಸಿನಿಮಾದಲ್ಲಿ ಕೋಟೆ ಕಾಯುವುದೆಂದರೆ ಕತ್ತಿ, ಒನಕೆ, ರಕ್ತ. ನೀವು ಒಮ್ಮೆ ದುರ್ಗ ಹತ್ತಿ ನೋಡಿ. ಗೋಪಾಲಸ್ವಾಮಿ ಹೊಂಡ ಇದೆ, ಅಕ್ಕ-ತಂಗಿ ಹೊಂಡ ಇದೆ. ದವಸದ ಕಣಜ, ಎಣ್ಣೆ ಕೊಳ, ಮದ್ದು ಅರೆಯುತ್ತಿದ್ದ ಭಾರಿ ಬೀಸುಕಲ್ಲುಗಳಿವೆ. ಏಳು ಸುತ್ತಿನ ಗೋಡೆಯ ಜೊತೆಗೆ ದುರ್ಗವನ್ನು ಕಾದದ್ದು ಇವು. ಮುತ್ತಿಗೆ ಅಂದರೆ ಒಳಗಿರುವ ನೀರು ಮತ್ತು ಕಾಳಿನ ಲೆಕ್ಕ. ಓಬವ್ವ ಕೂಡ ಗಂಡನನ್ನು ಊಟಕ್ಕೆ ಕೂರಿಸಿ ಕಿಂಡಿಯ ಕಡೆ ಹೋದದ್ದು ನೀರಿಗೇ ಅಲ್ಲವೇ?

ಇನ್ನೊಂದು ಮಾತು. ಪರದೆಯ ಮೇಲೆ ವೈರಿ ಎಲ್ಲಿಂದಲೋ ಬಂದವನಂತೆ ಕಾಣುತ್ತಾನೆ. ಹೈದರಾಲಿ ಆಳುತ್ತಿದ್ದದ್ದು ಮೈಸೂರನ್ನು. ಅವನ ದಂಡಿನಲ್ಲೂ ಕನ್ನಡ ನೆಲದ ಸಿಪಾಯಿಗಳಿದ್ದರು. ಕೊನೆಗೆ ಕೋಟೆಯ ಒಳಗಿನ ಕೆಲವರೇ ಕೈಕೊಟ್ಟರು ಎಂದು ಮೈಸೂರು ಗೆಜೆಟಿಯರ್ ಹೇಳುತ್ತದೆ.

ಆಮೇಲೆ ನಡೆದದ್ದಕ್ಕೆ ಹಾಡಿಲ್ಲ. ಮದಕರಿ ನಾಯಕ ಮನೆಯವರ ಸಮೇತ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ದುರ್ಗದ ಸೀಮೆಯ ಸುಮಾರು 20,000 ಬೇಡರನ್ನು ಊರು ಬಿಡಿಸಿ ಅಲ್ಲಿಗೇ ಸಾಗಿಸಿದರು. ವಯಸ್ಸಿಗೆ ಬಂದ ಹುಡುಗರನ್ನು 'ಚೇಲಾ' ಪಡೆಗೆ ಸೇರಿಸಿದರು. ಯಾರ ಎದುರು ಅಪ್ಪಂದಿರು ಹೋರಾಡಿದರೋ ಅವನದೇ ಕೋವಿಯನ್ನು ಮಕ್ಕಳು ಹೊರಬೇಕಾಯಿತು! ಆ ತಾಯಂದಿರ ಮುಖ ಯಾವ ಪೋಸ್ಟರಿನಲ್ಲೂ ಇಲ್ಲ.

ತ.ರಾ.ಸು. ಅವರ 'ದುರ್ಗಾಸ್ತಮಾನ' ಓದಿ. 'ನಾಗರಹಾವು' ಸಿನಿಮಾಕ್ಕೆ ಕಥೆ ಕೊಟ್ಟವರೇ ಅದನ್ನೂ ಬರೆದದ್ದು. ದಪ್ಪ ಪುಸ್ತಕ, ಹೆದರಬೇಡಿ.

ಈ ನವೆಂಬರಿಗೆ ಓಬವ್ವನ ಚಿತ್ರ ತನ್ನಿ, ಜಯಂತಿಯವರದೇ ಇರಲಿ. ಕೆಳಗೆ ಎರಡು ಸಾಲು ಜಾಗ ಬಿಡಿ. 1779 ಎಂದು ಹಾಕಿ, ಊರು ಬಿಟ್ಟುಹೋದ ಆ ಜನರ ಸುದ್ದಿ ಅಚ್ಚು ಮಾಡಿಕೊಡುತ್ತೇನೆ. ಆ ಎರಡು ಸಾಲಿಗೆ ಕಾಸು ಬೇಡ.